ಬ್ಯಾಟರಿಗೆ ಅಜೀರ್ಣ

ಎದುರುಮನೆ ಮಾವನ ಅಂಗಿಗಳಿಗೆಲ್ಲ ಹೊಟ್ಟೆಯ ಹತ್ತಿರ ಸಣ್ಣ ಸಣ್ಣ ತೂತು. ಹೊಸ ಅಂಗಿಯೂ ತಿಂಗಳೊಪ್ಪತ್ತಿನಲ್ಲಿ ಹಾಗಾಗಿಬಿಡುತ್ತಿತ್ತು. ರೈಲು ಡಬ್ಬಿಗಳ ಲೈಟು, ಫ್ಯಾನು ನಡೆಸುವ ಬ್ಯಾಟರಿಗಳನ್ನು ಮೂವತ್ತು ವರ್ಷ ನೋಡಿಕೊಂಡು ನಿವೃತ್ತರಾದವರು. ಆಮೇಲೂ ನಮ್ಮ ಬಡಾವಣೆ ವಡಪಳನಿಯಲ್ಲಿ ಯಾರ ಬ್ಯಾಟರಿ ಕೆಟ್ಟರೂ ಹೋಗಿ ಮೈಮೇಲೆ ಆಸಿಡ್ ಹಾರಿಸಿಕೊಂಡು ಬರುತ್ತಿದ್ದರು. ಹುಬ್ಬಳ್ಳಿ ಕಡೆಯವರು. ಇಷ್ಟು ವರ್ಷ ಮದ್ರಾಸಿನಲ್ಲಿದ್ದರೂ ಅವರ ಮಾತು ಹುಬ್ಬಳ್ಳಿಯಿಂದ ಒಂದು ಸ್ಟೇಷನ್ನೂ ಮುಂದೆ ಬಂದಿರಲಿಲ್ಲ.

ನಾನಾಗ ಇನ್ಶೂರೆನ್ಸ್ ಕೆಲಸ ಬಿಟ್ಟು, ಹಳೇ ಟ್ರೇಲರೊಂದಕ್ಕೆ ಮಂಚ, ಕನ್ನಡಿ, ಫ್ಯಾನು ಹಾಕಿಸಿ, ಶೂಟಿಂಗಿಗೆ ಕ್ಯಾರವಾನ್ ಎಂದು ಬಾಡಿಗೆಗೆ ಬಿಟ್ಟ ಹೊಸತು. ಎರಡು ಸಾವಿರದ ಎರಡೋ ಮೂರೋ ಇಸವಿ. ನಾಯಕಿ ಒಳಗೆ ಕೂತಿದ್ದಾಗ ಫ್ಯಾನು ನಿಂತರೆ ನನ್ನ ಕಥೆ ಮುಗಿದಂತೆ. ಆ ಹೆದರಿಕೆಗೆ ಶೂಟಿಂಗಿನಲ್ಲಿ ಜನರೇಟರಿಗೆ, ಮನೆಗೆ ತಂದರೆ ಮನೆ ಕರೆಂಟಿಗೆ, ಫ್ಯಾನಿನ ಬ್ಯಾಟರಿಯ ಚಾರ್ಜರ್ ಸಿಕ್ಕಿಸಿಯೇ ಇಡುತ್ತಿದ್ದೆ. ತುಂಬಿದ ಬ್ಯಾಟರಿಗೆ ಮತ್ತೆ ತುಂಬಿದರೆ ಏನಾಗುತ್ತದೆಂದು ಬಿ.ಕಾಂ. ಓದಿದವನಿಗೆ ಹೇಗೆ ಗೊತ್ತಾಗಬೇಕು?

ಒಂದು ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೋದ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ವಾಪಸು ಬಂದರು.

“ಅಯ್ಯೋ ಪೆರುಮಾಳೇ! ಏನ್ಡಾ ಇದು, ನಿನ್ನ ಗಾಡೀಲಿ ಕೊಳೆತ ಮೊಟ್ಟೆ ನಾತ! ಸಿನಿಮಾದವ್ರ ಜೊತೆ ಸೇರಿ ಮೊಟ್ಟೆ ತಿನ್ನಕ್ಕೂ ಶುರು ಮಾಡಿದ್ಯಾ?”

“ಇಲ್ಲಮ್ಮಾ, ಸತ್ಯವಾಗ್ಲೂ ಇಲ್ಲ!”

“ಆ ಗಾಡಿ ಈ ಕಾಂಪೌಂಡ್ ಬಿಟ್ಟು ಹೋಗೋ ತನಕ ನಾನು ಊಟ ಮಾಡಲ್ಲ. ಅಷ್ಟೇ.”

ನಮ್ಮದು ಈರುಳ್ಳಿಯನ್ನೂ ಒಳಗೆ ಬಿಡದ ಮಡಿ ಮನೆ. ಅಮ್ಮ ಹಟ ಹಿಡಿದರೆ ಹಿಡಿದದ್ದೇ. ಆ ದಿನವಿಡೀ ಒಂದು ಗುಟುಕು ಕಾಫಿ ಕೂಡ ಕುಡಿಯಲಿಲ್ಲ. ಮರುದಿನ ಬೆಳಿಗ್ಗೆ, ಗಾಡಿ ಮಾರಿಬಿಡೋಣವೆಂದು ಬ್ರೋಕರಿಗೆ ಫೋನ್ ಮಾಡಲು ಕೂತೆ. ಅಳು ಬರುವ ಹಾಗಿತ್ತು. ಅಷ್ಟರಲ್ಲಿ ಅಮ್ಮ, ಅದು ಹೋಗುವವರೆಗೆ ನಾತವಾದರೂ ಕಳೆಯಲಿ ಎಂದು ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿಕೊಂಡು ಗಾಡಿಯ ಕಡೆ ಹೊರಟಿದ್ದರು.

ಮಾವ ಎದುರುಮನೆಯಿಂದ ಲುಂಗಿ ಎತ್ತಿಕಟ್ಟಿ, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿ ಓಡಿಬಂದರು.

“ಅಮ್ಮಾರ! ಕೆಂಡ ದೂರ ಇಡ್ರಿ! ಗಾಡಿ ಸಮೇತ ವೈಕುಂಠಕ್ಕ ಹೋಗ್ತೀರಿ!”

ಅಮ್ಮ ನಿಂತಲ್ಲೇ ನಿಂತರು. ಮಾವ ನನ್ನ ಕೈಯಿಂದ ಮನೆಯೊಳಗಿನ ಚಾರ್ಜರ್ ಸ್ವಿಚ್ ಆಫ್ ಮಾಡಿಸಿದರು, ಗಾಡಿಯ ಬಾಗಿಲು ಕಿಟಕಿಗಳನ್ನೆಲ್ಲ ತೆರೆದು ಅರ್ಧ ಗಂಟೆ ಕಾದರು. ಆಮೇಲೆ ಬ್ಯಾಟರಿ ಇಟ್ಟಿದ್ದ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಬ್ಯಾಟರಿಯ ಹೊಟ್ಟೆ ಊದಿಕೊಂಡಿತ್ತು, ಒಳಗಿನ ನೀರು ಕುದ್ದು ಬತ್ತಿಹೋಗಿತ್ತು.

“ತತ್ತಿ ಅಲ್ರೀ ಇದು. ನಿಮ್ಮ ಮಗಾ ಬ್ಯಾಟರಿಗೆ ಬಿಡದಂಗ ಉಣಿಸ್ಯಾನ. ಪಾಪ, ಅದಕ್ಕ ಅಜೀರ್ಣ ಆಗೇತಿ. ಅದರ ಗ್ಯಾಸಿಗೆ ಕಿಡಿ ತಾಗಿದ್ರ ಢಂ!”

ಅಮ್ಮ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಕೆಂಡಕ್ಕೆ ನೀರು ಸುರಿದು ಒಳಗೆ ಹೋಗಿ ಮೂರು ಲೋಟ ಕಾಫಿ ಬೆರೆಸಿದರು.

ನಾವಿಬ್ಬರೇ ಉಳಿದಾಗ ಮಾವ ಗಾಡಿಯ ಮಂಚದ ಕೆಳಗೆ ಕೈಹಾಕಿ ಒಂದು ಕಾಗದದ ಪೊಟ್ಟಣ ಎಳೆದರು. ಶೂಟಿಂಗಿನಲ್ಲಿ ನಾನು ಅರ್ಧ ತಿಂದು ಮಡಚಿಟ್ಟಿದ್ದ ಆಮ್ಲೆಟ್. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಅದನ್ನು ಜೇಬಿಗೆ ಇಳಿಬಿಟ್ಟರು.

“ಬ್ಯಾಟರಿ ವಾಸ್ನಿ ನಾ ನಿಲ್ಲಸ್ತೀನಿ. ನಿಂದು ನೀ ನೋಡ್ಕೊ, ತಮ್ಮಾ.”

ಅಷ್ಟು ಹೇಳಿ, ಜೇಬಿನಲ್ಲಿ ಆಮ್ಲೆಟ್ ಇಟ್ಟುಕೊಂಡೇ, ನಮ್ಮ ಮಡಿ ಮನೆಯ ಜಗುಲಿಯಲ್ಲಿ ಕೂತು ಅಮ್ಮನ ಕಾಫಿ ಹೊಗಳಿ ಕುಡಿದರು.

ಮರುವಾರ ಹೊಸ ಸೆಟ್ಟು ಬ್ಯಾಟರಿ ಬಂತು, ನನಗೆ ಪಾಠ ಶುರುವಾಯಿತು. ರಬ್ಬರ್ ಬುರುಡೆಯ ಗಾಜಿನ ಹೈಡ್ರೋಮೀಟರಿನಿಂದ ಆಸಿಡ್ ಎಳೆದು ಗಂಟೆಗೊಮ್ಮೆ ಅದರ ಸಾಂದ್ರತೆ ನೋಡಬೇಕು. ಮೂರು ಸಲ ಅಂಕಿ ಏರದೆ ಅಷ್ಟೇ ನಿಂತರೆ ಹೊಟ್ಟೆ ತುಂಬಿತು ಎಂದರ್ಥ, ಚಾರ್ಜರ್ ಕೀಳಬೇಕು. “ಸಾಕು ಅನ್ನಾಕ ಅದಕ್ಕ ಬಾಯಿ ಇಲ್ಲೋ. ನೀನ ತಿಳಕೋಬೇಕು.” ನನ್ನ ಮರೆವಿನ ಮೇಲೆ ನಂಬಿಕೆ ಸಾಲದೆ, ತುಂಬಿದೊಡನೆ ತಾನೇ ಕರೆಂಟು ಕಡಿಯುವ ಒಂದು ಡಬ್ಬಿಯನ್ನೂ ಕೂರಿಸಿಕೊಟ್ಟರು. ಆ ಸೆಟ್ಟು ಬ್ಯಾಟರಿ ನಾಲ್ಕು ವರ್ಷ ಬಾಳಿತು. ನನ್ನ ಕ್ಯಾರವಾನ್ ಒಂದಿದ್ದದ್ದು ಮೂರಾಯಿತು.

ಆರು ವರ್ಷದ ಮೇಲೆ ಮಾವ ಹೋಗಿಬಿಟ್ಟರು. ಅಮ್ಮ ಅವರ ಕಾಲ ಬಳಿ ನಿಂತು ಬಿಕ್ಕಿ ಬಿಕ್ಕಿ ಅತ್ತರು. “ನನ್ನ ಮಗನ ಮೇಲೆ ಬಂದಿದ್ದ ಅಪವಾದ ಕಳೆದ ಪುಣ್ಯಾತ್ಮ,” ಎಂದು ಬಂದವರಿಗೆಲ್ಲ ಕಥೆ ಹೇಳಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಆರು ವರ್ಷದಲ್ಲಿ ಒಂದು ದಿನ, ತಮಾಷೆಗೆ ಕೂಡ, ಮಾವ ಆ ಪೊಟ್ಟಣದ ಮಾತೆತ್ತಿರಲಿಲ್ಲ.