ಮಲ್ಲಟದ ಬಿಳಿ ಚುಕ್ಕೆಗಳು

1985ರಲ್ಲಿ ನಾನು ರಾಯಚೂರಿನಲ್ಲಿ ಮಣ್ಣು ಸಮೀಕ್ಷೆಯ ಅಧಿಕಾರಿಯಾಗಿದ್ದೆ. ರಿಮೋಟ್ ಸೆನ್ಸಿಂಗ್, ಅಂದರೆ ಉಪಗ್ರಹದ ಚಿತ್ರದಿಂದ ನೆಲದ ಸ್ಥಿತಿ ತಿಳಿಯುವ ವಿದ್ಯೆ, ಆಗ ನಮಗೆ ಹೊಸದು. ಬೆಳೆ, ನೀರು, ಮಣ್ಣು ಬಿಸಿಲನ್ನು ಒಂದೊಂದು ಬಗೆಯಲ್ಲಿ ಪ್ರತಿಫಲಿಸುತ್ತವೆ. ಆ ವ್ಯತ್ಯಾಸಕ್ಕೆ ಬಣ್ಣ ಕೊಟ್ಟ ಚಿತ್ರದಲ್ಲಿ ಹಸಿರು ಬೆಳೆ ಕೆಂಪಾಗಿ, ಉಪ್ಪೇರಿದ ಸವಳು ನೆಲ ಬೆಳ್ಳಗೆ ಕಾಣುತ್ತದೆ.

ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳೆಯ ಮತ್ತು ಹೊಸ ಚಿತ್ರಗಳನ್ನು ಹೋಲಿಸುವುದು ನನ್ನ ಕೆಲಸ. ದೇವದುರ್ಗದ ಕಡೆ ಹೆಚ್ಚೇನೂ ಬದಲಾಗಿರಲಿಲ್ಲ. ಕಾಲುವೆ ನೀರು ಹರಿಯುತ್ತಿದ್ದ ಮಾನ್ವಿಯ ಕಡೆ, ಮಲ್ಲಟದ ಹತ್ತಿರ, ಹೊಸದಾಗಿ ಬಿಳಿ ಚುಕ್ಕೆಗಳು ಎದ್ದಿದ್ದವು.

ಖಚಿತಪಡಿಸಿಕೊಳ್ಳಲು ಜೀಪಿನಲ್ಲಿ ಹೋದೆ. ಕಪ್ಪು ಮಣ್ಣಿನ ಮೇಲೆ ಉಪ್ಪು ಕೂತಿತ್ತು. ಪಕ್ಕದ ನಾಲ್ಕೆಕರೆಯಲ್ಲಿ ಹನುಮವ್ವ ಎಂಬಾಕೆ ಭತ್ತ ನಾಟಿ ಮಾಡಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಬೇಸಾಯವೆಲ್ಲ ಅವಳದೇ. ನನ್ನ ಕೈಲಿದ್ದ ಚಿತ್ರ ನೋಡಿ ಕೇಳಿದಳು:

“ಇದ್ರಾಗ ನನ್ನ ಹೊಲ ಎಲ್ಲಿ ಅದರೀ ಸಾಹೇಬ್ರ?”

ತೋರಿಸಿದೆ. “ಈ ಬೆಳ್ಳಗಿರೋದು ಸವಳು, ಯವ್ವಾ. ನಿನ್ನ ಹೊಲದ ಕಡೆಗೇ ಬರ್ತಿದೆ.”

“ಬರಾಕತ್ತದಂತ ನಿಮಗ ಗೊತ್ತದಲ್ಲ? ಹಂಗಾರ ನಿಲ್ಲಸ್ರಿ.”

ಮೇಲಿನ ಹೊಲಗಳಲ್ಲಿ ಮಿತಿಮೀರಿ ನಿಲ್ಲಿಸಿದ ನೀರು ಇಂಗಿ, ತಗ್ಗಿನಲ್ಲಿ ಉಪ್ಪನ್ನು ಮೇಲಕ್ಕೆ ತರುತ್ತಿತ್ತು. ಹೆಚ್ಚಿನ ನೀರು ಹೊರಗೆ ಹರಿಯಲು ಬಸಿಗಾಲುವೆ ಬೇಕೆಂದು ವರದಿ ಕೊಟ್ಟೆ. “ನಕ್ಷೆ ಕೊಡೋದಷ್ಟೇ ನಮ್ಮ ಕೆಲಸ. ಕಾಲುವೆ ಬೇರೆ ಇಲಾಖೆಯದು,” ಎಂದರು ನನ್ನ ಮೇಲಧಿಕಾರಿ. ಆ ಇಲಾಖೆಗೂ ಹೋದೆ. ಮುಂದಿನ ಯೋಜನೆಯಲ್ಲಿ ನೋಡೋಣ ಎಂದರು.

ಮತ್ತೆ ಮಲ್ಲಟಕ್ಕೆ ಹೋದಾಗ ಹನುಮವ್ವ ತನ್ನ ನೆಗೆಣ್ಣಿಯ ಜೊತೆ ಸೇರಿ ಮೊಣಕಾಲಾಳದ ಕಾಲುವೆ ತೋಡಿದ್ದಳು. ಅದು ಕೆಳಗಿನ ಹೊಲದ ಬದುವಿನ ತನಕ ಬಂದು ನಿಂತಿತ್ತು. ನೀರೂ ಅಲ್ಲೇ ನಿಂತಿತ್ತು. ಆ ಹೊಲದ ಅಮರಪ್ಪ ಬದುವಿನ ಮೇಲೆ ಕೂತಿದ್ದ.

“ಈ ನೀರು ಬಿಟ್ಕೊಂಡ್ರ ನನ್ನ ಹೊಲಾನೂ ಹೋಗ್ತದ್ರಿ. ನೀವಾ ಹೇಳ್ರಿ, ನಂದು ತಪ್ಪೇನು?”

ತಪ್ಪಿರಲಿಲ್ಲ. ಹನುಮವ್ವ ನನ್ನ ಮುಖ ನೋಡುತ್ತಿದ್ದಳು.

ಎರಡು ವರ್ಷಗಳ ನಂತರದ ಚಿತ್ರದಲ್ಲಿ ಆ ನಾಲ್ಕೆಕರೆಯೂ ಬೆಳ್ಳಗಾಗಿತ್ತು. ಆ ಚಿತ್ರದಲ್ಲಿ ಕಾಣುವ ಅತಿ ಚಿಕ್ಕ ಚುಕ್ಕೆ ಎಂದರೂ ನೆಲದ ಮೇಲೆ ಸುಮಾರು ಒಂದೂವರೆ ಎಕರೆ. ಇಬ್ಬರು ಹೆಂಗಸರು ತೋಡಿದ ಕಾಲುವೆ ಅದರಲ್ಲಿ ಕಾಣುವ ಮಾತೇ ಇಲ್ಲ.

ಆಮೇಲೊಮ್ಮೆ ಕವಿತಾಳದ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ರಾಯಚೂರಿನ ಹತ್ತಿ ಗಿರಣಿಯ ಕೆಲಸಕ್ಕೆ ಹೊರಟಿದ್ದಳು.

“ಹೊಸಾ ಫೋಟೋ ಬಂತೇನ್ರಿ?”

“ಬಂತು, ಯವ್ವಾ.”

ಬಸ್ಸು ಬಂತು, ಹತ್ತಿದಳು.

ಮುಂದೆ ತರಬೇತಿಗೆ ಬಂದವರಿಗೆ ಚಿತ್ರ ಓದುವುದನ್ನು ವರ್ಷಗಟ್ಟಲೆ ಕಲಿಸಿದೆ. ಬರುವ ಕೇಡು ನಮಗೆ ಮೊದಲೇ ಕಾಣುತ್ತದೆ, ಆದರೆ ಕಂಡ ಮಾತ್ರಕ್ಕೆ ಅದು ನಿಲ್ಲುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದೆ. ಹಾಗಾದರೆ ನಾವೇನು ಮಾಡಬೇಕು ಎಂದು ಪ್ರತಿ ಸಲವೂ ಯಾರಾದರೊಬ್ಬರು ಕೇಳುತ್ತಿದ್ದರು. ಆಗ ಮಲ್ಲಟದ ಆ ಚಿತ್ರವನ್ನು ಮೇಜಿನ ಮೇಲಿಟ್ಟು, ಹನುಮವ್ವ ತೋಡಿದ ಕಾಲುವೆ ಎಲ್ಲಿತ್ತೆಂದು ಬೆರಳಿಟ್ಟು ತೋರಿಸುತ್ತಿದ್ದೆ.