ದೋಣಿ ಮುದುಕನ ಕೊನೆಯ ಭಾನುವಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಧ್ವನಿ ನನ್ನದು. ಅರ್ಧ ನಿಮಿಷವೂ ಇಲ್ಲ ಅದು. ಮಾತಾಡಿದ ಬಾಯಿ ನನ್ನದು, ಆಮೇಲೆ ಅಳಿಸಲು ಹೋಗಿ ತಪ್ಪು ಜಾಗ ಒತ್ತಿದ ಹೆಬ್ಬೆರಳೂ ನನ್ನದೇ.

ನಾನು ಎಲ್ಲರ ಹಾಗೂ ಮಾತಾಡುತ್ತೇನೆ. ಅಂಕೋಲಾ ಬಸ್ಸಿನ ಕಂಡಕ್ಟರ್, ಬೈತಖೋಲ ಬಂದರಿನಲ್ಲಿ ಮೀನು ಹರಾಜು ಕೂಗುವವರು, ಸಿಟ್ಟು ಬಂದರೆ ಕನ್ನಡ ಬಿಟ್ಟು ಕೊಂಕಣಿಗೆ ಇಳಿಯುವ ನನ್ನ ಅಮ್ಮ. ಆಟದಲ್ಲಿ ಸೋಲುವ ಮುಂಚೆ ನಾನೇ ಕೆಮ್ಮುವ ಒಣ ಕೆಮ್ಮನ್ನು ಎಲ್ಲಕ್ಕಿಂತ ಚೆನ್ನಾಗಿ ಮಾಡುತ್ತೇನೆ, ಅಭ್ಯಾಸ ಜಾಸ್ತಿ. ಆದರೆ ನನಗೆ ಹೆಸರು ತಂದದ್ದು ಮಾಸ್ತರ ಧ್ವನಿ.

ಮಾಸ್ತರು ನಿವೃತ್ತ ಡ್ರಿಲ್ ಮಾಸ್ತರು. ಕಾರವಾರದಲ್ಲಿ ಅವರದೊಂದು ನೋಟ್‌ಬುಕ್-ಪೆನ್ನಿನ ಅಂಗಡಿ. ಅದರ ಮಾಳಿಗೆಯಲ್ಲಿ ಭಾನುವಾರ ನಾವೊಂದಷ್ಟು ಜನ ಸೇರಿ ಕಾರ್ಡು ಆಡುತ್ತೇವೆ. ಇಸ್ಪೀಟಲ್ಲ, ಮಾಟಗಾರರು, ಡ್ರ್ಯಾಗನ್‌ಗಳು, ಎದ್ದು ನಡೆಯುವ ಮರಗಳು ಇರುವ ಕಾರ್ಡು. ಒಬ್ಬೊಬ್ಬರೂ ತಮ್ಮ ಅರವತ್ತು ಎಲೆಯ ಕಟ್ಟು ತಾವೇ ಆರಿಸಿ ತರಬೇಕು. ಆಗಾಗ ಹೊಸ ಸೆಟ್ ಬರುತ್ತದೆ; ವರ್ಷಕ್ಕೊಮ್ಮೆ ತೀರ ಹಳೆಯ ಸೆಟ್‌ಗಳು ಫಾರ್ಮ್ಯಾಟ್‌ನಿಂದ ಹೊರಗೆ ಹೋಗುತ್ತವೆ. ಆಮೇಲೆ ಆ ಕಾರ್ಡು ಫೈಲಿನಲ್ಲಿ ಕೂರಬೇಕು, ಪಂದ್ಯದ ಮೇಜಿಗೆ ಬರುವಂತಿಲ್ಲ.

ನನ್ನ ಗೆಳೆಯನದು ಅಂಕೋಲಾ ಕಡೆಯ ಮೀನುಗಾರರ ಮನೆ. ಅವನು ಬೈತಖೋಲದಿಂದ ಚಿಕ್ಕಪ್ಪನ ಬೋಟಿಗೆ ಹೋಗುತ್ತಾನೆ; ಚಿಕ್ಕಪ್ಪ ದಡದಲ್ಲಿದ್ದು ವೈರ್‌ಲೆಸ್‌ನಲ್ಲಿ ಮಾತಾಡುತ್ತಾನೆ. ಹೋದರೆ ನಾಲ್ಕೈದು ದಿನ ದಡ ಇಲ್ಲ. ಅವನ ಕಟ್ಟೆಲ್ಲ ನಿಂತದ್ದು ಒಂದು ಹಳೆಯ ಕಾರ್ಡಿನ ಮೇಲೆ. ಅದರಲ್ಲಿ ಒಬ್ಬ ಮುದುಕ ಕತ್ತಲೆಯ ನೀರಿನಲ್ಲಿ ದೋಣಿಗೆ ಹುಟ್ಟು ಹಾಕುತ್ತಾನೆ, ಸತ್ತು ಬದಿಗೆ ಬಿದ್ದ ಎಲೆಗಳಲ್ಲಿ ಒಂದನ್ನು ಪ್ರತಿ ಸರದಿಗೂ ವಾಪಸ್ ದಾಟಿಸಿ ತರುತ್ತಾನೆ. ನಾವು ಕರೆಯುವುದು ದೋಣಿ ಮುದುಕ ಎಂದು. ನಾಲ್ಕು ದೋಣಿ ಮುದುಕರನ್ನು ಹಿಡಿದು ಅವನು ಎರಡು ಸಲ ಫೈನಲ್‌ಗೆ ಬಂದು ಎರಡೂ ಸಲ ಸೋತಿದ್ದ. ಹಳೆಯ ಸೆಟ್ ಬಿಡದೆ ಹಿಡಿದಿದ್ದವನು ಗುಂಪಿನಲ್ಲಿ ಅವನೊಬ್ಬನೇ. ಮುಂದಿನ ತಿಂಗಳಿಂದ ಮುದುಕ ಹೊರಗೆ. ಅದಕ್ಕೆ ಮುಂಚೆ ಉಳಿದಿದ್ದು ಒಂದೇ ಪಂದ್ಯ, ಒಂದೇ ಭಾನುವಾರ. ಅಂದು ದಡದಲ್ಲಿರಬೇಕೆಂದು ಅವನು ಚಿಕ್ಕಪ್ಪನಿಗೆ ಒಂದು ತಿಂಗಳು ಮೊದಲೇ ಹೇಳಿಟ್ಟಿದ್ದ.

ಮಾಸ್ತರಿಗೆ ವಾಟ್ಸಾಪ್ ಗುಂಪು ಅಂದರೆ ತಲೆನೋವು. ಏನಿದ್ದರೂ ನನಗೊಬ್ಬನಿಗೆ ಧ್ವನಿ ಕಳಿಸುತ್ತಾರೆ, ನಾನು ಗುಂಪಿಗೆ ಹಾಕುತ್ತೇನೆ. ಆ ಬುಧವಾರ ಚಹಾದಂಗಡಿಯಲ್ಲಿ ಕೂತಿದ್ದೆವು, ನಾಲ್ಕು ಜನ. ಯಾರೋ "ಒಂದ್ಸಲ ಮಾಸ್ತರ ಹಾಂಗೆ ಮಾಡು ಮಾರಾಯ" ಅಂದರು. ನಾನು ಗಂಟಲು ಕೆರೆದು, ಒಂದೊಂದೇ ಶಬ್ದ ಇಟ್ಟಿಗೆ ಇಟ್ಟ ಹಾಗೆ ಇಟ್ಟು, ಫೋನಿಗೆ ಹೇಳಿದೆ: ಫಾರ್ಮ್ಯಾಟ್ ಬದಲಾವಣೆ ಈ ಭಾನುವಾರದಿಂದಲೇ, ಹಳೆಯ ಸೆಟ್ ತಂದವರು ದಯವಿಟ್ಟು ಮೆಟ್ಟಿಲು ಹತ್ತಬೇಡಿ. ಗುಂಪಿಗೆ ಹಾಕಿದೆ. ನಾಲ್ವರೂ ಬೆಂಚು ಗುದ್ದಿ ನಕ್ಕೆವು. ಹತ್ತು ನಿಮಿಷಕ್ಕೆ ಹೆದರಿಕೆ ಹತ್ತಿ ಅಳಿಸಿದೆ. ನನ್ನ ಫೋನಿನಿಂದ ಅದು ಹೋಯಿತು. ಎಲ್ಲರ ಫೋನಿನಿಂದಲೂ ಹೋಯಿತು ಎಂದು ನಾನು ತಿಳಿದದ್ದು ನನ್ನ ಜಾಣತನದ ಮಟ್ಟ.

ಭಾನುವಾರ ಒಂಬತ್ತೂ ಮುಕ್ಕಾಲಿಗೆ ಮಾಳಿಗೆಯಲ್ಲಿ ಗೆಳೆಯ ಸಿಕ್ಕಿದ. ಕಣ್ಣು ಕೆಂಪಗಿತ್ತು. ಕೈಯಲ್ಲಿದ್ದ ಎಲೆಗಳೆಲ್ಲ ಹೊಸ ಸೆಟ್‌ನವು, ಹೊಳೆಯುತ್ತಿದ್ದವು.

"ಮುದುಕ ಎಲ್ಲಿ?" ಅಂದೆ.

"ಕೊಟ್ಟೆ. ನಿನ್ನೆ ಬೋಟು ಒಳಗೆ ಬರುವಾಗ ರೇಂಜ್ ಸಿಕ್ತು, ಮಾಸ್ತರು ಹೇಳಿದ್ದು ಕೇಳ್ದೆ. ಬೈತಖೋಲದಲ್ಲಿ ಇಳಿದವನೇ ಅಕ್ಕನ ಮನೆಗೆ ಹೋಗಿ ನಾಲ್ಕೂ ಕೊಟ್ಟು ಇವನ್ನ ತಕೊಂಡೆ. ರಾತ್ರಿ ಪೂರಾ ಕೂತು ಕಟ್ಟು ಜೋಡಿಸ್ದೆ. ಎಂತ ಆಡ್ತೇನೋ ನಂಗೇ ಗೊತ್ತಿಲ್ಲ."

ಅಕ್ಕ ಅಂದರೆ ನಾವೆಲ್ಲ ಹಾಗೆ ಕರೆಯುವ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಪಂದ್ಯ ಆಡುವುದಿಲ್ಲ, ಹಳೆಯ ಕಾರ್ಡು ಕೂಡಿಸುತ್ತಾಳೆ. ಕಿಟಕಿಯ ಹತ್ತಿರ ಫೈಲು ಬಿಚ್ಚಿಕೊಂಡು ಕೂತಿದ್ದಳು. ಆ ಧ್ವನಿ ಮಾಸ್ತರದಲ್ಲ, ನನ್ನದು ಎಂದು ಗೆಳೆಯನಿಗೆ ಹೇಳಿದೆ. ಹೇಳುವಾಗಲೂ ಹಾಳು ಬಾಯಿ ಒಂದು ನಗೆ ಸೇರಿಸಿತು.

ಅವನು ಹೊಡೆಯಲಿಲ್ಲ. ಹೊಡೆದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಕೈಯಲ್ಲಿದ್ದ ಎಲೆಗಳನ್ನು ಮೇಜಿನ ಮೇಲಿಟ್ಟ, ಅಂಚು ಸರಿ ಮಾಡಿದ, ಮತ್ತೆ ಸರಿ ಮಾಡಿದ. "ನಾಳೆ ಬೆಳಿಗ್ಗೆ ಬೋಟು ಹೊರಡ್ತದೆ" ಅಂದ, ಅಷ್ಟೆ.

ಹತ್ತಕ್ಕೆ ಯಾರಿಗೆ ಯಾರು ಎದುರಾಳಿ ಎಂಬ ಚೀಟಿ ಗೋಡೆಗೆ ಬೀಳುತ್ತದೆ. ಬಿದ್ದ ಮೇಲೆ ಮುಗಿಯಿತು. ನಾನು ಅಕ್ಕನ ಮುಂದೆ ಹೋಗಿ ನಿಂತು, ನಡೆದದ್ದು ಹೇಳಿ ಮುದುಕರನ್ನು ಕೇಳಿದೆ.

"ನಿನ್ನ ತಮಾಷೆಗೆ ನನ್ನ ಫೈಲು ಯಾಕೆ ಖಾಲಿ ಆಗ್ಬೇಕೋ? ಅವ್ನು ಒಪ್ಪಿ ಕೊಟ್ಟಿದ್ದು, ನಾನು ಒಪ್ಪಿ ತಕೊಂಡಿದ್ದು."

"ಇವತ್ತೊಂದಿನ ಅಕ್ಕಾ. ನಾಳೆಯಿಂದ ಎಲ್ಲ ನಿಂದೇ."

ಅವಳು ನನ್ನನ್ನು ನೋಡಲೇ ಇಲ್ಲ, ಅವನನ್ನು ನೋಡಿದಳು. ಪ್ಲಾಸ್ಟಿಕ್ ಪುಟದಿಂದ ನಾಲ್ಕು ಮುದುಕರನ್ನು ಒಬ್ಬೊಬ್ಬನಾಗಿ ತೆಗೆದಳು. "ಉಗುರು ತಾಗಿಸ್ಬೇಡ" ಅಂತ ನನಗೆ ಹೇಳಿ ಅವನ ಕೈಗೆ ಕೊಟ್ಟಳು.

ಇನ್ನು ಮಾಸ್ತರು. ಎಲೆಗಳ ಪಟ್ಟಿಯನ್ನು ಎಲ್ಲರೂ ಬರೆದು ಕೊಟ್ಟಾಗಿತ್ತು, ಅವನೂ; ಅದರಲ್ಲಿಲ್ಲದ ಎಲೆ ಆಡುವಂತಿಲ್ಲ. ಅವನ ಪಟ್ಟಿ ತಿದ್ದಬಹುದೇ ಎಂದು ಕೇಳಿದೆ.

"ಕೊಟ್ಟ ಪಟ್ಟಿ ಕೊಟ್ಟಾಯ್ತು ತಮಾ," ಅಂದರು ಮಾಸ್ತರು, ತಲೆ ಎತ್ತದೆ. "ನಾನೇ ತಪ್ಪು ಹೇಳಿದ್ರೆ ಮಾತ್ರ ತಿದ್ದೂದು. ನಿಯಮ."

ಗೆಳೆಯ ಫೋನನ್ನು ಅವರ ಮುಂದಿಟ್ಟು ಒತ್ತಿದ. ಮಾಸ್ತರ ಧ್ವನಿ ಮಾಳಿಗೆ ತುಂಬಾ ಕೇಳಿತು. ಮಾಸ್ತರು ಕೇಳಿದರು. ಇನ್ನೊಮ್ಮೆ ಹಾಕು ಅಂದರು. ಕನ್ನಡಕ ತೆಗೆದರು.

"ಇದನ್ನ ಯಾವಾಗ ಹೇಳ್ದೆ ನಾನು?" ಅಂದರು, ತಮಗೇ ಅನ್ನುವ ಹಾಗೆ. "ಬುಧವಾರ ಜ್ವರ ಇತ್ತು. ಮಾತ್ರೆ ತಕೊಂಡು ಮಲಗಿದ್ದೆ. ಹೇಳಿರ್ಬೇಕು ಹಾಗಾದ್ರೆ." ಪೆನ್ನು ತೆಗೆದುಕೊಂಡರು. "ತಪ್ಪಾಯ್ತು ತಮಾ, ನಂದೇ ತಪ್ಪು."

ಹತ್ತಕ್ಕೆ ಆರು ನಿಮಿಷ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಯಾಗಿಬಿಡುತ್ತಿತ್ತು. ಅವನಿಗೆ ಮುದುಕ ಸಿಗುತ್ತಿದ್ದ, ನಾನು ಉಳಿಯುತ್ತಿದ್ದೆ. ಚಹಾದಂಗಡಿಯ ಮೂವರು ನೆಲ ನೋಡುತ್ತಿದ್ದರು. ಆದರೆ ಮಾಸ್ತರು ತಮ್ಮ ನೆನಪನ್ನೇ ಸಂಶಯಿಸುತ್ತಾ, ಅವನ ಪಟ್ಟಿಗಾಗಿ ಅದೇ ಹಾಳೆಗಳನ್ನು ಮತ್ತೆ ಮತ್ತೆ ತಿರುವುತ್ತಿದ್ದರು. ಅದನ್ನು ನೋಡಲಾಗಲಿಲ್ಲ.

"ಸರ್, ಅದು ನೀವಲ್ಲ. ನಾನು."

ಪೆನ್ನು ನಿಂತಿತು. "ಮಾಡಿ ತೋರ್ಸು."

ಮಾಡಿದೆ. ಹದಿನೈದು ಜನರ ಎದುರು, ಅವರದೇ ಮುಖ ನೋಡುತ್ತಾ, ಅವರದೇ ಧ್ವನಿಯಲ್ಲಿ. ಜನ್ಮದಲ್ಲೇ ಅಷ್ಟು ಚೆನ್ನಾಗಿ ಮಾಡಿರಲಿಲ್ಲ, ಒಬ್ಬರೂ ನಗಲಿಲ್ಲ. ಮಾಸ್ತರು ಪೆನ್ನಿನ ಮುಚ್ಚಳ ಹಾಕಿದರು.

"ಹಾಗಾದ್ರೆ ನಾನು ತಪ್ಪು ಹೇಳಿಲ್ಲ. ಹೇಳದ ಮೇಲೆ ತಿದ್ದೂದು ಹೇಗೆ?"

ಆಗ ಅರ್ಥವಾಯಿತು. ಬುಧವಾರ ಸುಳ್ಳು ಹೇಳಿ ಅವನ ಮುದುಕನನ್ನು ಕಸಿದಿದ್ದೆ, ಈಗ ನಿಜ ಹೇಳಿ ಎರಡನೇ ಸಲ ಕಸಿದೆ. ಅಕ್ಕ ಏನೋ ಹೇಳಲು ಹೋದಳು, ಮಾಸ್ತರು ಕೈ ಎತ್ತಿ ತಡೆದರು. ಎದುರಾಳಿಗಳ ಚೀಟಿ ಹಿಡಿದು ಎದ್ದರು, ಗೋಡೆಯ ಕಡೆ ನಡೆದರು. ಮೊಳೆಯವರೆಗೆ ಕೈ ಹೋಯಿತು.

ಗೆಳೆಯ ಎದ್ದ. ಅವನು ಮಾಸ್ತರ ಎದುರು ಜೋರಾಗಿ ಮಾತಾಡಿದ್ದು ನಾನು ನೋಡಿಯೇ ಇಲ್ಲ, ಅವತ್ತೂ ಜೋರಾಗಿ ಮಾತಾಡಲಿಲ್ಲ. ಆದರೆ ಅವನ ಮಾತು ಮುಗಿದ ಮೇಲೆ ಮಾಸ್ತರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು, ಅವನಿಗೆ ಹೊಸ ಹಾಳೆ ಕೊಟ್ಟು ಪಟ್ಟಿ ಬರೆ ಅಂದರು, ನನ್ನ ಪಟ್ಟಿಯನ್ನು ಎರಡು ತುಂಡು ಮಾಡಿ ನನ್ನ ಕೈಗೇ ಕೊಟ್ಟರು. ಆ ದಿನ ನಾನು ಗೋಡೆಗೆ ಒರಗಿ ನಿಂತು ನೋಡಿದೆ. ಈ ವಿಷಯ ಮತ್ತೆ ಆ ಮಾಳಿಗೆಯಲ್ಲಿ ಯಾರೂ ಎತ್ತಲಿಲ್ಲ. ಅವನು ಹೇಳಿದ್ದು ಇಷ್ಟು:

"ಸರ್, ಬೋಟಿನಲ್ಲಿದ್ದಾಗ ವೈರ್‌ಲೆಸ್‌ನಲ್ಲಿ 'ಗಾಳಿ ಬರ್ತಾ ಉಂಟು, ವಾಪಸ್ ಬನ್ನಿ' ಅಂತ ಚಿಕ್ಕಪ್ಪನ ಧ್ವನಿ ಕೇಳಿದ್ರೆ, ಅದು ಹೌದೋ ಅಲ್ವೋ ಅಂತ ನಾವು ವಿಚಾರ ಮಾಡ್ತಾ ಕೂರೂದಿಲ್ಲ, ಬಲೆ ಎಳ್ಕೊಂಡು ಬರ್ತೇವೆ, ನಿಮ್ಮ ಧ್ವನಿಗೂ ನಾ ಹಾಂಗೇ ಬಂದೆ, ಇನ್ಮುಂದೆ ಬರ್ಬೇಕೋ ಬೇಡ್ವೋ ಅದನ್ನ ನೀವೇ ಹೇಳಿ."