ಮೂರು ದಿನದ ಹರಕೆ

ಜಗದಾಂಬಾ ಸೋಮಾರಿ ಎಂದು ಬಾಪೂಜಿ ನಗರದ ಆ ವಠಾರವೆಲ್ಲ ತೀರ್ಮಾನಿಸಿಬಿಟ್ಟಿತ್ತು. ಬೇಸಿಗೆಯ ಮಧ್ಯಾಹ್ನವೂ ಸ್ವೆಟರ್ ಹಾಕಿಕೊಂಡು ಕೂರುವ, ಒಂದು ಕೊಡ ನೀರು ತರಲು ದಾರಿಯಲ್ಲಿ ನಿಂತು ನಿಂತು ಬರುವ ಹೆಂಗಸನ್ನು ಇನ್ನೇನೆಂದಾರು? ಆಡುವ ಬಾಯಿಗೆ ಬೀಗ ಹಾಕುವವರು ಯಾರು! ಗಂಡ ಸಿದ್ದಬಸಪ್ಪ ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ಕಬ್ಬಿಣ ಕೂದಲೆಳೆಯಷ್ಟು ಸೊಟ್ಟಗಾದರೂ ಅವನಿಗೆ ತಿಳಿಯುತ್ತಿತ್ತು. ಹೆಂಡತಿಗೆ ಏನಾಗಿದೆಯೆಂದು ಮಾತ್ರ ಎಂಟು ವರ್ಷ ತಿಳಿಯಲಿಲ್ಲ.

ಮಗಳು ಹುಟ್ಟಿದಾಗ ಅವಳಿಗೆ ವಿಪರೀತ ರಕ್ತ ಹೋಗಿತ್ತು. ಜೀವ ಉಳಿದದ್ದೇ ಪುಣ್ಯವೆಂದು ಎರೆದು, ಸಾಂಬ್ರಾಣಿ ಹಾಕಿ, ಬಾಣಂತನ ಮುಗಿಸಿದರು. ಎದೆಹಾಲು ಬರಲಿಲ್ಲ, ಮಗು ಹಸುವಿನ ಹಾಲಲ್ಲಿ ಬೆಳೆಯಿತು. ಮುಟ್ಟೂ ನಿಂತುಹೋಯಿತು. ಅದನ್ನೆಲ್ಲ ಅವಳು ಯಾರ ಮುಂದೆ ಹೇಳಿಯಾಳು?

ಎಪ್ಪತ್ತಾರನೇ ಇಸವಿಯಲ್ಲಿ ಅವಳ ಕಾಲು ಊದಿ, ಉಸಿರು ಕಟ್ಟತೊಡಗಿತು. ಹೃದಯದ ಸುತ್ತ ನೀರು ತುಂಬಿದೆ ಎಂದು ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ತೆಗೆಯಲು ಒಳಗೆ ಕರೆದೊಯ್ದರು. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ. ಸಿದ್ದಬಸಪ್ಪನಿಗೆ ಎದೆಯ ಮೇಲಿನ ಲಿಂಗವಿತ್ತು. ಹೊರಗಿನ ಬೆಂಚಿನ ಮೇಲೆ ಅದನ್ನು ಹಿಡಿದು ಕೂತು ಹರಕೆ ಹೊತ್ತ: ಇವಳು ಉಳಿದರೆ ಶ್ರಾವಣದಲ್ಲಿ ಇಬ್ಬರೂ ಮೂರು ದಿನ ತೀರ್ಥ ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ಉಳಿದಳು. ವಯಸ್ಸಾದ ಡಾಕ್ಟರೊಬ್ಬರು ಹಾಸಿಗೆಯ ಪಕ್ಕ ಕೂತು, "ಹೆರಿಗೆ ಆದ್ಮೇಲೆ ಹಾಲು ಬಂದಿತ್ತೇನಮ್ಮ?" ಎಂದು ಕೇಳಿದರು. ಯಾರೂ ಕೇಳದ ಪ್ರಶ್ನೆ. ಜಗದಾಂಬಾ ಅತ್ತುಬಿಟ್ಟಳು. ರಕ್ತ ಹೋದಾಗಲೇ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಕೆಟ್ಟುಹೋಗಿದೆ, ಅದರ ಕೆಲಸವನ್ನು ಇನ್ನು ಮಾತ್ರೆಗಳೇ ಮಾಡಬೇಕು, ಇಲ್ಲದಿದ್ದರೆ ಹೃದಯ ತಡೆಯದು ಎಂದು ಅವರು ಗಂಡನಿಗೂ ಬಿಡಿಸಿ ಹೇಳಿದರು.

"ಒಂದು ದಿನಾನೂ ಬಿಡಬಾರ್ದು. ಖಾಲಿ ಹೊಟ್ಟೇಲಿ ತಗೋಬೇಡಿ, ಹೊಟ್ಟೆ ಉರಿಯುತ್ತೆ."

ಮಾತ್ರೆ ಹಿಡಿಯಿತು. ಸ್ವೆಟರ್ ಪೆಟ್ಟಿಗೆ ಸೇರಿತು. ರೊಟ್ಟಿ ತಟ್ಟುತ್ತಾ ಅವಳು ಹಾಡಿಕೊಳ್ಳುವುದನ್ನು ಸಿದ್ದಬಸಪ್ಪ ಬಾಗಿಲಲ್ಲೇ ನಿಂತು ಕೇಳಿದ. ಅಷ್ಟು ಸುಖ ಅವನು ಮದುವೆಯಲ್ಲೂ ಪಟ್ಟಿರಲಿಲ್ಲ. ಶ್ರಾವಣ ಬಂದಾಗ ಹರಕೆ ನೆನಪಿಸಿದವನು ಅವನೇ.

"ಹೊತ್ಕೊಂಡಿದ್ದು ತೀರಿಸ್ದೆ ಇರಕ್ಕಾಗತ್ತೇನ್ರೀ?" ಎಂದು ಅವಳೂ ಖುಷಿಯಿಂದಲೇ ಒಪ್ಪಿದಳು.

ಮೂರನೆಯ ದಿನ ಪೂಜೆಗೆ ಹೂವು ಬಿಡಿಸುತ್ತಿದ್ದವಳು ವಾಂತಿ ಮಾಡಿಕೊಂಡು ಕುಸಿದಳು. ಆಟೋದಲ್ಲಿ ಅವಳ ಕೈ ತಣ್ಣಗೆ ಕೊರೆಯುತ್ತಿತ್ತು.

"ಮಾತ್ರೆ ತಗೊಂಡಿದೀಯೇನೇ?"

"ಖಾಲಿ ಹೊಟ್ಟೇಲಿ ಬೇಡ ಅಂದಿದ್ರಲ್ರೀ ಡಾಕ್ಟ್ರು. ಮೂರು ದಿನ ತಾನೇ ಅಂತ ಬಿಟ್ಟೆ."

ಮತ್ತೆ ಅದೇ ಬೆಂಚು. ಕೈ ತಾನಾಗಿ ಲಿಂಗಕ್ಕೆ ಹೋಯಿತು. ಆದರೆ ಏನು ಬೇಡಿಕೊಳ್ಳಲೂ ಸಿದ್ದಬಸಪ್ಪನಿಗೆ ಹೆದರಿಕೆಯಾಯಿತು. ಸುಮ್ಮನೆ ಹಿಡಿದು ಕೂತ. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು, ಉಳಿಯಲಿಲ್ಲ ಎನ್ನುವಂತೆ ತಲೆಯಾಡಿಸಿದರು. ಇವನು ಎದ್ದು ನಿಂತು ಕೈಮುಗಿದ.

"ಸಂಜೆ ಪೂಜೆ ಆಗಿದ್ರೆ ಹರಕೆ ಮುಗೀತಿತ್ತು ಸಾರ್," ಎಂದ. "ಊಟ ಮಾಡಿ ಮಾತ್ರೆ ತಗೊಳ್ತಿದ್ಲು."